ಮೂರ್ಛೆ ರೋಗ ಇರುವವರ ಬಸಿರು, ಹೆರಿಗೆ, ಬಾಣಂತನ: ಮಾತ್ರೆಯ ಲೆಕ್ಕ ತಪ್ಪದಿರಲು ಹಂತಹಂತದ ಮಾರ್ಗದರ್ಶಿ

ಗರ್ಭ ನಿಂತಿದೆ ಎಂದು ಗೊತ್ತಾದ ದಿನವೇ ಫಿಟ್ಸ್ ಮಾತ್ರೆಯನ್ನು ಬದಿಗಿಡುವವರು ಕಡಿಮೆಯಿಲ್ಲ. ಮಾತ್ರೆಯಿಂದ ಮಗುವಿಗೆ ಏನಾದರೂ ಆದೀತೆಂಬ ಹೆದರಿಕೆ ಸಹಜವೇ. ಆದರೆ ಯಾರನ್ನೂ ಕೇಳದೆ ಒಮ್ಮೆಲೇ ಔಷಧ ನಿಲ್ಲಿಸುವುದು ತಾಯಿ, ಮಗು ಇಬ್ಬರಿಗೂ ಕಾಯಿಲೆಗಿಂತ ದೊಡ್ಡ ಅಪಾಯ. ಮೂರ್ಛೆ ರೋಗವಿರುವ ಹತ್ತು ಮಂದಿಯಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಇನ್ನೂ ಉಳಿಯುವ ಅಪಾಯವನ್ನು ತಗ್ಗಿಸುವುದು ಮುಖ್ಯವಾಗಿ ಮೂರು ಸಂಗತಿಗಳು: ಯಾವ ಔಷಧ, ಎಷ್ಟು ಡೋಸ್, ಅದನ್ನು ಯಾವಾಗ ಬದಲಿಸಲಾಯಿತು.

ಡೋಸ್ ಬದಲಿಸುವುದು ವೈದ್ಯರ ಕೆಲಸ. ಆದರೆ ಯಾವ ತಿಂಗಳಲ್ಲಿ ಯಾವ ಪ್ರಶ್ನೆ ಕೇಳಬೇಕು, ಯಾವ ಪರೀಕ್ಷೆ ತಪ್ಪಬಾರದು ಎಂಬುದು ನಿಮಗೂ ಮನೆಯವರಿಗೂ ತಿಳಿದಿರಬೇಕು. ನರರೋಗ ತಜ್ಞರು ಒಂದು ಕಡೆ, ಹೆರಿಗೆ ವೈದ್ಯರು ಇನ್ನೊಂದು ಕಡೆ ಇರುವಾಗ ನಡುವೆ ಮಾತು ಬಿಟ್ಟುಹೋಗುವುದು ತೀರಾ ಸಾಮಾನ್ಯ. ಎರಡೂ ಕಡೆಯ ಚೀಟಿಗಳನ್ನು ಒಂದೇ ಫೈಲಿನಲ್ಲಿಟ್ಟು, ಎರಡೂ ಕಡೆ ಅದನ್ನೇ ತೋರಿಸಿ.

ಹಂತ 1: ಗರ್ಭಕ್ಕೆ ಆರು ತಿಂಗಳಿಂದ ಒಂದು ವರ್ಷ ಮೊದಲು

ನಿಜವಾದ ಕೆಲಸವೆಲ್ಲ ಇಲ್ಲೇ ಇದೆ. ಮಗುವಿನ ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಾಣುವ ಹೊತ್ತಿಗೆ ಆ ಅವಧಿ ಬಹುಮಟ್ಟಿಗೆ ಮುಗಿದೇ ಇರುತ್ತದೆ. ಹೃದಯ, ತುಟಿ, ಅಂಗುಳು ರೂಪುಗೊಳ್ಳುವುದೂ ಮೊದಲ ಮೂರು ತಿಂಗಳಲ್ಲೇ. ಅಲ್ಲದೆ ಒಂದು ಔಷಧದಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಲು ವಾರಗಟ್ಟಲೆ ಬೇಕು, ಹೊಸದು ಹಿಡಿತಕ್ಕೆ ಬಂದಿದೆಯೇ ಎಂದು ನೋಡಲು ತಿಂಗಳುಗಳೇ ಬೇಕು. ಹಾಗಾಗಿ ಮಗು ಬೇಕೆಂಬ ಯೋಚನೆ ಬಂದಾಗಲೇ ನರರೋಗ ತಜ್ಞರ ಬಳಿ ಹೋಗಿ, ಈ ಪ್ರಶ್ನೆಗಳನ್ನು ಮುಂದಿಡಿ.

ಮೊದಲನೆಯದು, ಇದು ಮೂರ್ಛೆ ರೋಗವೇ ಹೌದೇ? ಎಚ್ಚರ ತಪ್ಪಿ ಬೀಳುವುದೆಲ್ಲ ಮೂರ್ಛೆ ರೋಗವಲ್ಲ. ರಕ್ತದೊತ್ತಡ ಕುಸಿದು ಬೀಳುವವರು, ಮಾನಸಿಕ ಒತ್ತಡದಿಂದ ಫಿಟ್ಸ್‌ನಂತೆಯೇ ಕಾಣುವ ನಡುಕ ಬರುವವರು ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗುತ್ತಿರುವುದುಂಟು. ಫಿಟ್ಸ್ ಬಂದಾಗಿನ ಮೊಬೈಲ್ ವೀಡಿಯೊ ಇದ್ದರೆ ವೈದ್ಯರಿಗೆ ತೋರಿಸಿ. ಎಷ್ಟೋ ಸಲ ಅದು ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ವರದಿಗಿಂತ ಹೆಚ್ಚು ಹೇಳುತ್ತದೆ.

ಎರಡನೆಯದು, ಔಷಧ ಇನ್ನೂ ಬೇಕೇ? ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೂ ಫಿಟ್ಸ್ ಬಾರದವರಲ್ಲಿ ಕೆಲವರಿಗೆ ಹಂತಹಂತವಾಗಿ ನಿಲ್ಲಿಸುವ ಅವಕಾಶವಿರುತ್ತದೆ. ಅದು ಎಲ್ಲರಿಗೂ ಅಲ್ಲ. ಜುವೆನೈಲ್ ಮಯೋಕ್ಲೋನಿಕ್ ಎಂಬ ಬಗೆಯಲ್ಲಿ, ಅಂದರೆ ಬೆಳಗಿನ ಹೊತ್ತು ಕೈ ಜಗ್ಗುವ ಬಗೆಯಲ್ಲಿ, ನಿಲ್ಲಿಸಿದರೆ ಮರಳುವುದೇ ಹೆಚ್ಚು. ನಿಲ್ಲಿಸಿದ ಮೇಲೆ ಮರಳುವ ಫಿಟ್ಸ್ ಬಹುಪಾಲು ಮೊದಲ ವರ್ಷದಲ್ಲೇ ಬರುವುದರಿಂದ ಈ ಪ್ರಯೋಗ ಗರ್ಭಕ್ಕೆ ಮೊದಲೇ ಮುಗಿದಿರಬೇಕು.

ಮೂರನೆಯದು, ನಾನು ತೆಗೆದುಕೊಳ್ಳುತ್ತಿರುವ ಔಷಧ ಯಾವುದು? ಇದು ಚೀಟಿಯ ಮೇಲಿನ ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ಔಷಧದ ಹೆಸರು. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಯಾವ ಔಷಧ, ಎಷ್ಟು ಅಪಾಯ

ಯಾವ ಔಷಧವನ್ನೂ ತೆಗೆದುಕೊಳ್ಳದ ತಾಯಂದಿರ ಮಕ್ಕಳಲ್ಲೂ ನೂರಕ್ಕೆ ಎರಡು ಮೂರು ಮಂದಿಗೆ ಹುಟ್ಟಿನಿಂದಲೇ ದೊಡ್ಡ ನ್ಯೂನತೆ ಇರುತ್ತದೆ. ಯಾವ ಅಂಕಿ ನೋಡಿದರೂ ಇದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಯೂರಾಪ್ ಎಂಬ ಅಂತರರಾಷ್ಟ್ರೀಯ ನೋಂದಣಿಯು ಒಂದೇ ಔಷಧದ ಮೇಲಿದ್ದ ಸಾವಿರಾರು ಗರ್ಭಿಣಿಯರನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಲೆವೆಟಿರಾಸಿಟಮ್ ಶೇ. 2.8, ಲ್ಯಾಮೊಟ್ರಿಜಿನ್ ಶೇ. 2.9, ಆಕ್ಸ್‌ಕಾರ್ಬಜೆಪಿನ್ ಶೇ. 3.0, ಟೋಪಿರಮೇಟ್ ಶೇ. 3.9, ಕಾರ್ಬಮಾಜೆಪಿನ್ ಶೇ. 5.5, ಫೆನಿಟಾಯಿನ್ ಶೇ. 6.4, ಫೆನೋಬಾರ್ಬಿಟೋನ್ ಶೇ. 6.5, ವಾಲ್ಪ್ರೋಯೇಟ್ ಶೇ. 10.3.

ಅಂದರೆ ಮೊದಲ ಮೂರು ಔಷಧಗಳ ಅಪಾಯ ಏನನ್ನೂ ತೆಗೆದುಕೊಳ್ಳದವರ ಅಪಾಯಕ್ಕೆ ಹೆಚ್ಚುಕಡಿಮೆ ಸಮ. ಬಸುರಿಯರಿಗೆ ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್‌ಗಳನ್ನು ಇಂದು ಮೊದಲು ಯೋಚಿಸುವುದು ಇದಕ್ಕೇ. ಟೋಪಿರಮೇಟ್‌ನ ಅಂಕಿ ನೋಡಿ ಸಮಾಧಾನಪಡಬೇಡಿ. ಅದು ಸೀಳುತುಟಿಯ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಮಗುವಿನ ತೂಕ ಕಡಿಮೆಯಾಗಿಸುತ್ತದೆ, ಬುದ್ಧಿ ಬೆಳವಣಿಗೆಯ ಮೇಲೂ ಪರಿಣಾಮ ಬೀರುವ ಸೂಚನೆಗಳಿವೆ.

ವಾಲ್ಪ್ರೋಯೇಟ್‌ನ ವಿಷಯ ಬೇರೆಯೇ. ಇಲ್ಲಿ ಡೋಸ್ ಏರಿದಂತೆ ಅಪಾಯವೂ ಏರುತ್ತದೆ: ದಿನಕ್ಕೆ 650 ಮಿಲಿಗ್ರಾಂ ಒಳಗಿದ್ದರೆ ಶೇ. 6.3, ಅಲ್ಲಿಂದ 1450 ಮಿಲಿಗ್ರಾಂವರೆಗೆ ಶೇ. 11.3, ಅದಕ್ಕೂ ಮೇಲಾದರೆ ಶೇ. 25.2. ಬೆನ್ನುಹುರಿ ಸರಿಯಾಗಿ ಮುಚ್ಚದಿರುವುದು, ಹೃದಯದ ತೊಂದರೆ, ಸೀಳು ಅಂಗುಳು, ಗಂಡುಮಗುವಿನ ಮೂತ್ರದ್ವಾರ ಬೇರೆ ಕಡೆ ತೆರೆಯುವುದು ಈ ಪಟ್ಟಿಯಲ್ಲಿವೆ. ಸ್ಕ್ಯಾನಿನಲ್ಲಿ ಕಾಣದ ಇನ್ನೊಂದು ಹಾನಿಯೂ ಇದೆ. ಹೊಟ್ಟೆಯಲ್ಲಿದ್ದಾಗ ವಾಲ್ಪ್ರೋಯೇಟ್‌ಗೆ ಒಡ್ಡಿಕೊಂಡ ಮಕ್ಕಳ ಐಕ್ಯೂ ಆರನೇ ವಯಸ್ಸಿನಲ್ಲಿ ಉಳಿದ ಔಷಧಗಳ ಮಕ್ಕಳಿಗಿಂತ 8ರಿಂದ 11 ಅಂಕ ಕಡಿಮೆ ಇದ್ದುದು 2013ರ ಅಧ್ಯಯನದಲ್ಲಿ ಕಂಡುಬಂದಿದೆ. ಮಾತು ತಡವಾಗುವುದು, ಆಟಿಸಂ ಕೂಡ ಹೆಚ್ಚು. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುವುದರಿಂದ ಮೊದಲ ಮೂರು ತಿಂಗಳು ದಾಟಿದರೆ ಈ ಭಾಗದ ಅಪಾಯ ಮುಗಿಯಿತು ಎನ್ನುವಂತಿಲ್ಲ. ಯುರೋಪಿನ ಔಷಧ ನಿಯಂತ್ರಕರು 2018ರಲ್ಲಿ, ಬೇರೆ ಯಾವುದೂ ಕೆಲಸ ಮಾಡದ ಹೊರತು ಗರ್ಭಿಣಿಯರಿಗೆ ಇದನ್ನು ಕೊಡಬಾರದು ಎಂದು ಕಟ್ಟುನಿಟ್ಟು ಮಾಡಿದ್ದು ಇದರಿಂದಲೇ.

ಇಲ್ಲಿ ಒಂದು ಎಚ್ಚರ. ಸೋಡಿಯಂ ವಾಲ್ಪ್ರೋಯೇಟ್, ವಾಲ್ಪ್ರೋಯಿಕ್ ಆಸಿಡ್, ಡೈವಾಲ್ಪ್ರೊಯೆಕ್ಸ್ ಮೂರೂ ಒಂದೇ ಔಷಧದ ಬೇರೆ ಬೇರೆ ರೂಪ. ಮೈಗ್ರೇನ್‌ಗೆ, ಮನೋರೋಗಕ್ಕೆ ಕೂಡ ಇದನ್ನೇ ಕೊಡುತ್ತಾರೆ. ಮಾತ್ರೆಯ ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಈ ಮೂರರಲ್ಲಿ ಯಾವುದಾದರೂ ಇದೆಯೇ ನೋಡಿ. ಇದ್ದರೆ ಹೆದರಿ ನಿಲ್ಲಿಸಬೇಡಿ, ಗರ್ಭನಿರೋಧಕ ಮುಂದುವರಿಸಿಕೊಂಡೇ ಈ ವಾರ ವೈದ್ಯರನ್ನು ಕಾಣಿ. ಕೆಲವು ಬಗೆಯ ಮೂರ್ಛೆ ರೋಗ ವಾಲ್ಪ್ರೋಯೇಟ್‌ಗೆ ಮಾತ್ರ ಬಗ್ಗುತ್ತದೆ. ಅಂಥವರಲ್ಲಿ ಅತಿ ಕಡಿಮೆ ಡೋಸನ್ನು ದಿನಕ್ಕೆ ಎರಡು ಮೂರು ಸಲವಾಗಿ ಹಂಚಿ ಕೊಡುವುದುಂಟು.

ಸಾಧ್ಯವಾದಷ್ಟೂ ಒಂದೇ ಔಷಧ, ಫಿಟ್ಸ್ ತಡೆಯುವಷ್ಟೇ ಡೋಸ್ ಎಂಬುದು ಮೂಲ ಸೂತ್ರ. ಎರಡು ಮೂರು ಔಷಧ ಒಟ್ಟಿಗೆ ಇದ್ದಾಗ ಅಪಾಯ ಏರುವುದು ನಿಜ. ಆದರೆ ಆ ಜೊತೆಯಲ್ಲಿ ವಾಲ್ಪ್ರೋಯೇಟ್ ಅಥವಾ ಟೋಪಿರಮೇಟ್ ಇದೆಯೇ ಎಂಬುದೇ ಹೆಚ್ಚಾಗಿ ಅದನ್ನು ತೀರ್ಮಾನಿಸುತ್ತದೆ.

ಗರ್ಭಕ್ಕೆ ಮೊದಲೇ ಮುಗಿಸಬೇಕಾದ ಇನ್ನು ಮೂರು ಕೆಲಸ

ಆಧಾರದ ರಕ್ತಪರೀಕ್ಷೆ: ಫಿಟ್ಸ್ ಹಿಡಿತದಲ್ಲಿರುವಾಗ ರಕ್ತದಲ್ಲಿ ನಿಮ್ಮ ಔಷಧದ ಮಟ್ಟ ಎಷ್ಟಿದೆ ಎಂದು ಒಮ್ಮೆ, ಸಾಧ್ಯವಾದರೆ ಎರಡು ಬಾರಿ, ಅಳೆಸಿಟ್ಟುಕೊಳ್ಳಿ. ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು. ನುಂಗಿದ ಮೇಲೆ ಕೊಟ್ಟರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಹಿಂದಿನ ಮಾತ್ರೆ ಎಷ್ಟು ಗಂಟೆಗೆ ನುಂಗಿದಿರಿ ಎಂಬುದನ್ನು ವರದಿಯ ಮೇಲೆಯೇ ಬರೆಸಿ. ಬಸಿರಿನಲ್ಲಿ ಡೋಸ್ ಏರಿಸಬೇಕೇ ಎಂದು ನಿರ್ಧರಿಸುವುದು ಈ ಅಂಕಿಯನ್ನು ನೋಡಿ. ಪುಸ್ತಕದಲ್ಲಿರುವ ಸಾಮಾನ್ಯ ಮಿತಿಗಿಂತ ನಿಮ್ಮದೇ ಅಂಕಿ ಮುಖ್ಯ.

ಫೋಲಿಕ್ ಆಸಿಡ್: ಗರ್ಭಕ್ಕೆ ಕನಿಷ್ಠ ಮೂರು ತಿಂಗಳು ಮೊದಲು ಶುರುವಾಗಬೇಕು. ಡೋಸ್ ಬಗ್ಗೆ ಮಾರ್ಗಸೂಚಿಗಳು ಒಮ್ಮತದಲ್ಲಿಲ್ಲ. ದಿನಕ್ಕೆ ಕನಿಷ್ಠ 0.4 ಮಿಲಿಗ್ರಾಂ ಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮೂರ್ಛೆ ರೋಗದವರಿಗೆ 5 ಮಿಲಿಗ್ರಾಂ ಬರೆಯುವ ರೂಢಿಯೂ ವ್ಯಾಪಕವಾಗಿದೆ. ಹೆಚ್ಚಿದಷ್ಟೂ ಒಳ್ಳೆಯದು ಎಂದು ನೀವೇ ಏರಿಸಿಕೊಳ್ಳಬೇಡಿ. ಹೆಚ್ಚಿನ ಡೋಸಿನ ಫೋಲಿಕ್ ಆಸಿಡ್ ರಕ್ತದಲ್ಲಿ ಫೆನಿಟಾಯಿನ್ ಮಟ್ಟವನ್ನು ಇಳಿಸಬಲ್ಲದು.

ಸರಿಯಾದ ಗರ್ಭನಿರೋಧಕ: ಔಷಧ ಬದಲಿಸುವ ತಿಂಗಳುಗಳಲ್ಲಿ ಗರ್ಭ ನಿಲ್ಲಬಾರದು. ಕಾರ್ಬಮಾಜೆಪಿನ್, ಫೆನಿಟಾಯಿನ್, ಫೆನೋಬಾರ್ಬಿಟೋನ್, ಹೆಚ್ಚಿನ ಡೋಸಿನ ಟೋಪಿರಮೇಟ್ ಇವು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಗರ್ಭನಿರೋಧಕ ಮಾತ್ರೆಯನ್ನು ಬೇಗ ಕರಗಿಸಿಬಿಡುತ್ತವೆ. ಮಾತ್ರೆ ನುಂಗುತ್ತಿದ್ದೂ ಗರ್ಭ ನಿಲ್ಲುವುದು ಹೀಗೆ. ಲ್ಯಾಮೊಟ್ರಿಜಿನ್‌ನಲ್ಲಿ ಇದು ತಿರುಗುಮುರುಗು: ಮಾತ್ರೆಯಲ್ಲಿನ ಈಸ್ಟ್ರೋಜನ್ ಲ್ಯಾಮೊಟ್ರಿಜಿನ್ ಮಟ್ಟವನ್ನು ಕೆಳಗಿಳಿಸಿ ಫಿಟ್ಸ್ ತರಿಸಬಹುದು. ಕಾಪರ್ ಟಿ ಅಥವಾ ಹಾರ್ಮೋನ್ ಇರುವ ಗರ್ಭಾಶಯದ ಸಾಧನಕ್ಕೆ ಈ ಜಂಜಾಟವಿಲ್ಲ.

ಕೊನೆಯದಾಗಿ ಫಿಟ್ಸ್ ಹಿಡಿತ. ಗರ್ಭಕ್ಕೆ ಮುಂಚಿನ ಒಂಬತ್ತು ತಿಂಗಳು ಒಂದೂ ಫಿಟ್ಸ್ ಬಾರದವರಲ್ಲಿ ಶೇ. 84ರಿಂದ 92ರಷ್ಟು ಮಂದಿಗೆ ಬಸಿರಿನುದ್ದಕ್ಕೂ ಬರುವುದಿಲ್ಲ. ಕಾಯಬಹುದಾದ ಪರಿಸ್ಥಿತಿ ಇದ್ದರೆ ಈ ಒಂಬತ್ತು ತಿಂಗಳು ಕಾಯುವುದು ಲಾಭ. ಮಗುವಿಗೂ ಮೂರ್ಛೆ ರೋಗ ಬಂದೀತೇ ಎಂದು ಎಲ್ಲರೂ ಕೇಳುತ್ತಾರೆ. ಕೆಲವು ಆನುವಂಶಿಕ ಬಗೆಗಳನ್ನು ಬಿಟ್ಟರೆ ಆ ಸಾಧ್ಯತೆ ಕಡಿಮೆಯೇ. ಬಹುಪಾಲು ಮಕ್ಕಳಿಗೆ ಬರುವುದಿಲ್ಲ.

ಹಂತ 2: ತಯಾರಿಯಿಲ್ಲದೆ ಗರ್ಭ ನಿಂತರೆ

ಅರ್ಧಕ್ಕರ್ಧ ಬಸಿರುಗಳು ಹೀಗೆಯೇ. ಮಾಡಬೇಕಾದ್ದು ಇಷ್ಟು: ಮಾತ್ರೆ ಎಂದಿನಂತೆ ಮುಂದುವರಿಸಿ, ಫೋಲಿಕ್ ಆಸಿಡ್ ಅಂದೇ ಶುರುಮಾಡಿ, ಕೆಲವೇ ದಿನಗಳೊಳಗೆ ನರರೋಗ ತಜ್ಞರನ್ನು ಕಾಣಿ, ಔಷಧದ ಮಟ್ಟಕ್ಕೆ ರಕ್ತ ಕೊಡಿ.

ಒಮ್ಮೆಲೇ ನಿಲ್ಲಿಸಿದರೆ ಆಗುವುದೇನು? ಬಿಡದೆ ಒಂದರ ಹಿಂದೊಂದು ಫಿಟ್ಸ್ ಬರುವ ಸ್ಥಿತಿ ಉಂಟಾಗಬಹುದು. ಅದು ಪ್ರಾಣಕ್ಕೇ ಅಪಾಯ. ನಿದ್ದೆಯಲ್ಲಿ ದೊಡ್ಡ ಫಿಟ್ಸ್ ಬಂದು ಹಠಾತ್ ಸಾವು ಸಂಭವಿಸುವುದೂ ಇದೆ. ಮಗುವಿನ ಕಡೆಯಿಂದ ನೋಡಿದರೂ, ಅಂಗಗಳು ರೂಪುಗೊಳ್ಳುವ ವಾರಗಳು ಕಳೆದ ಮೇಲೆ ಔಷಧ ಕಿತ್ತುಹಾಕಿದರೆ ಆ ಭಾಗದಲ್ಲಿ ಸಿಗುವ ಲಾಭ ಅಷ್ಟಕ್ಕಷ್ಟೆ. ವಾಲ್ಪ್ರೋಯೇಟ್ ಮೇಲಿರುವವರಲ್ಲಿ ಮಾತ್ರ, ಮಿದುಳಿನ ಬೆಳವಣಿಗೆಯ ದೃಷ್ಟಿಯಿಂದ, ತಜ್ಞರು ನಡುವೆಯೂ ಡೋಸ್ ಇಳಿಸುವ ಅಥವಾ ಬದಲಿಸುವ ಲೆಕ್ಕ ಹಾಕುತ್ತಾರೆ. ಅದು ಆಸ್ಪತ್ರೆಯ ನಿಗಾದಲ್ಲಿ ಆಗಬೇಕಾದ ಕೆಲಸ.

ಮೂರ್ಛೆ ರೋಗವಿದೆ ಅಥವಾ ಮಾತ್ರೆ ತೆಗೆದುಕೊಂಡಿದ್ದೀರಿ ಎಂಬ ಒಂದೇ ಕಾರಣಕ್ಕೆ ಗರ್ಭ ತೆಗೆಸಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ಕ್ಯಾನ್ ನೋಡಿ, ತಜ್ಞರ ಜೊತೆ ಕೂತು ಮಾತಾಡಿದ ಮೇಲಷ್ಟೇ ಅಂಥ ಪ್ರಶ್ನೆ.

ಹಂತ 3: ಬಸಿರಿನ ತಿಂಗಳುಗಳಲ್ಲಿ

ಔಷಧದ ಮಟ್ಟ ಇಳಿಯುವುದು. ಬಸಿರಿನಲ್ಲಿ ಮೈಯ ನೀರಿನಂಶ ಹೆಚ್ಚುತ್ತದೆ, ಮೂತ್ರಪಿಂಡಗಳು ಹೆಚ್ಚು ಸೋಸುತ್ತವೆ, ಹಾರ್ಮೋನುಗಳು ಯಕೃತ್ತನ್ನು ಚುರುಕಾಗಿಸುತ್ತವೆ. ನುಂಗುವ ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಉಳಿಯುವುದು ಕಡಿಮೆ. ಲ್ಯಾಮೊಟ್ರಿಜಿನ್‌ನಲ್ಲಿ ಈ ಇಳಿತ ಎಲ್ಲಕ್ಕಿಂತ ಹೆಚ್ಚು. ಮಟ್ಟ ಅರ್ಧಕ್ಕೂ ಕೆಳಗೆ ಹೋಗುವವರಿದ್ದಾರೆ. ಲೆವೆಟಿರಾಸಿಟಮ್ ಮೊದಲ ಮೂರು ತಿಂಗಳಲ್ಲೇ ಇಳಿಯಲು ಶುರುವಾಗುತ್ತದೆ. ಆಕ್ಸ್‌ಕಾರ್ಬಜೆಪಿನ್ ಕೂಡ ಇಳಿಯುತ್ತದೆ. ಕಾರ್ಬಮಾಜೆಪಿನ್‌ನಲ್ಲಿ ವ್ಯತ್ಯಾಸ ಅಷ್ಟಿಲ್ಲ. ಫೆನಿಟಾಯಿನ್‌ನ ಒಟ್ಟು ಅಂಕಿ ತುಂಬ ಇಳಿದಂತೆ ಕಂಡರೂ ಕೆಲಸ ಮಾಡುವ ಬಿಡಿ ಅಂಶ (ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದ ಭಾಗ) ಅಷ್ಟು ಇಳಿದಿರುವುದಿಲ್ಲ, ಹಾಗಾಗಿ ಅದರಲ್ಲಿ ಬಿಡಿ ಅಂಶವನ್ನೇ ಅಳೆಸಬೇಕು.

ಮೊದಲ ಮೂರು ಔಷಧಗಳಿಗೆ ತಿಂಗಳಿಗೊಮ್ಮೆ ಮಟ್ಟ ನೋಡುವುದು ಒಳ್ಳೆಯ ಕ್ರಮ. ಗರ್ಭಕ್ಕೆ ಮುಂಚಿನ ಅಂಕಿಯ ಶೇ. 65ಕ್ಕಿಂತ ಕೆಳಗಿಳಿದರೆ ಫಿಟ್ಸ್ ಹೆಚ್ಚುವ ಸಾಧ್ಯತೆ ಏರುತ್ತದೆ. ಉದಾಹರಣೆಗೆ ನಿಮ್ಮ ಆಧಾರದ ಅಂಕಿ 6 ಇದ್ದು, ಈ ತಿಂಗಳು 3.5 ಬಂದಿದ್ದರೆ ಅದು ಶೇ. 58, ಪ್ರಯೋಗಾಲಯದ ಮಿತಿಯೊಳಗೇ ಇದ್ದರೂ ನಿಮಗೆ ಅದು ಕಡಿಮೆ. ಡೋಸ್ ಏರಿಸುತ್ತೇವೆ ಎಂದು ವೈದ್ಯರು ಹೇಳಿದಾಗ ಮಗುವಿಗೆ ಔಷಧ ಹೆಚ್ಚಾಗುತ್ತದೆ ಎಂದು ಅಂಜಬೇಕಿಲ್ಲ, ರಕ್ತದಲ್ಲಿ ಮೊದಲಿದ್ದಷ್ಟನ್ನೇ ಉಳಿಸಿಕೊಳ್ಳಲು ಈ ಏರಿಕೆ. ಏರಿಸಿದ್ದು ಹೊಂದದೆ ತಲೆ ತಿರುಗುವುದು, ಎರಡೆರಡು ಕಾಣುವುದು ಶುರುವಾದರೆ ತಿಳಿಸಿ. ಮಟ್ಟ ಅಳೆಯುವ ಸೌಲಭ್ಯ ಕೈಗೆಟುಕದ ಕಡೆ ಔಷಧದ ಸ್ವಭಾವ ನೋಡಿ ಮುಂಚಿತವಾಗಿಯೇ ಡೋಸ್ ಏರಿಸುವುದುಂಟು. ಅಂಥಲ್ಲಿ ನಿಮ್ಮ ಫಿಟ್ಸ್ ಡೈರಿಯೇ ಮುಖ್ಯ ಸಾಕ್ಷಿ. ಕ್ಷಣಕಾಲ ಮಂಕಾಗುವುದು, ಕೈ ಜಗ್ಗುವುದು, ಬಾಯಿಗೆ ವಿಚಿತ್ರ ರುಚಿ ಬರುವುದು, ಇಂಥ ಸಣ್ಣಪುಟ್ಟವನ್ನೂ ದಿನ, ಗಂಟೆ ಸಮೇತ ಬರೆಯಿರಿ. ದೊಡ್ಡ ಫಿಟ್ಸ್‌ಗೆ ಮುನ್ನ ಇವೇ ಸುಳಿವು ಕೊಡುವುದು.

ವಾಂತಿ. ಮೊದಲ ಮೂರು ತಿಂಗಳಲ್ಲಿ ಫಿಟ್ಸ್ ಮರಳಲು ಇದೊಂದು ದೊಡ್ಡ ಕಾರಣ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ, ಅಥವಾ ವಾಂತಿಯಲ್ಲಿ ಮಾತ್ರೆ ಇಡಿಯಾಗಿ ಕಂಡರೆ, ಮತ್ತೆ ತೆಗೆದುಕೊಳ್ಳಬೇಕೇ ಎಂಬ ನಿಯಮವನ್ನು ನಿಮ್ಮ ಔಷಧಕ್ಕೆ ತಕ್ಕಂತೆ ಮೊದಲೇ ಬರೆಸಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಯಾರನ್ನು ಕೇಳುತ್ತೀರಿ? ಬೆಳಗ್ಗೆ ವಾಕರಿಕೆ ಹೆಚ್ಚಿದ್ದರೆ ಮಾತ್ರೆಯ ಹೊತ್ತನ್ನು ಸ್ವಲ್ಪ ಮುಂದೂಡಲು ಸಾಧ್ಯವೇ ಎಂದು ಕೇಳಿ. ಒಂದು ಇಡೀ ದಿನ ಏನೂ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ. ಇಂಜೆಕ್ಷನ್ ರೂಪದಲ್ಲಿ ಕೊಡಬಹುದಾದ ಔಷಧಗಳಿವೆ. ಮರೆತ ಡೋಸನ್ನು ನೆನಪಾದ ಕೂಡಲೇ ತೆಗೆದುಕೊಳ್ಳಿ, ಮುಂದಿನದರ ಹೊತ್ತಾಗಿಬಿಟ್ಟಿದ್ದರೆ ಎರಡನ್ನೂ ಒಟ್ಟಿಗೆ ನುಂಗಬೇಡಿ. ಫೆನಿಟಾಯಿನ್ ಮೇಲಿರುವವರು ಆಮ್ಲ ಶಮನಕ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಎರಡು ಗಂಟೆ ಅಂತರದಲ್ಲಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಒಂದು ಬ್ರ್ಯಾಂಡ್‌ನಲ್ಲಿ ಸ್ಥಿರವಾಗಿದ್ದರೆ ಬಸಿರಿನ ನಡುವೆ ಅದನ್ನು ಬದಲಿಸಬೇಡಿ.

ಸ್ಕ್ಯಾನ್‌ಗಳು. 11ರಿಂದ 13 ವಾರದ ನಡುವೆ ಮೊದಲ ವಿವರವಾದ ಸ್ಕ್ಯಾನ್; ತೀವ್ರವಾದ ನರನಾಳ ದೋಷಗಳು ಇಲ್ಲೇ ಕಾಣಬಹುದು. 18ರಿಂದ 20 ವಾರದಲ್ಲಿ ಅಂಗರಚನೆಯ ಸ್ಕ್ಯಾನ್ ಬಲು ಮುಖ್ಯ. ಯಾವ ಔಷಧದ ಮೇಲಿದ್ದೀರಿ ಎಂದು ಸ್ಕ್ಯಾನ್ ಮಾಡುವವರಿಗೆ ಬಾಯಿಬಿಟ್ಟು ಹೇಳಿ. ವಾಲ್ಪ್ರೋಯೇಟ್ ಎಂದರೆ ಬೆನ್ನುಹುರಿ ಮತ್ತು ಹೃದಯವನ್ನು, ಟೋಪಿರಮೇಟ್ ಎಂದರೆ ತುಟಿ, ಮುಖವನ್ನು, ಫೆನೋಬಾರ್ಬಿಟೋನ್ ಎಂದರೆ ಹೃದಯವನ್ನು ಅವರು ಹೆಚ್ಚು ಹೊತ್ತು ನೋಡುತ್ತಾರೆ. ಬೇಕಾದರೆ ಮಗುವಿನ ಹೃದಯದ ಎಕೋ ಕೂಡ ಆಗುತ್ತದೆ. 28 ವಾರದ ನಂತರ ಮಗುವಿನ ಬೆಳವಣಿಗೆಯನ್ನು ಮತ್ತೆ ಮತ್ತೆ ಅಳೆಯುವುದು ಒಳ್ಳೆಯದು, ಏಕೆಂದರೆ ಮಾತ್ರೆ ತೆಗೆದುಕೊಳ್ಳುವವರ ಮಕ್ಕಳಲ್ಲಿ ಕೆಲವು ಸಣ್ಣಗೆ ಹುಟ್ಟುತ್ತವೆ.

ನಿದ್ದೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಕೆಟ್ಟರೆ ಫಿಟ್ಸ್ ಬರುತ್ತದೆ ಎಂಬುದು ನಿಮಗೇ ಗೊತ್ತು. ಎಡಮಗ್ಗುಲಾಗಿ ಮಲಗಿ, ಸಾಧ್ಯವಿದ್ದರೆ ಒಬ್ಬರೇ ಮಲಗಬೇಡಿ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬೇಡಿ, ತೊಟ್ಟಿಯಲ್ಲಿ ಮುಳುಗಿ ಸ್ನಾನ ಬೇಡ.

ಹಂತ 4: ಫಿಟ್ಸ್ ಬಂದುಬಿಟ್ಟರೆ

ಕ್ಷಣಕಾಲ ಮಂಕಾಗುವ, ಅರೆ ಎಚ್ಚರದ ಸಣ್ಣ ಫಿಟ್ಸ್‌ನಿಂದ ಮಗುವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಭಯ ಇರುವುದು ಇಡೀ ಮೈ ಸೆಟೆದು ಅದುರುವ ದೊಡ್ಡ ಫಿಟ್ಸ್‌ನದು. ಆಗ ತಾಯಿಗೆ ಉಸಿರು ಕಟ್ಟಿ ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ, ಮಗುವಿನ ಹೃದಯ ಬಡಿತ ಇಳಿಯಬಹುದು; ಬಿದ್ದು ಹೊಟ್ಟೆಗೆ ಪೆಟ್ಟಾದರೆ ಮಾಸು ಬೇರ್ಪಡಬಹುದು.

ಮನೆಯವರು ಮಾಡಬೇಕಾದ್ದು:

1. ಗಡಿಯಾರ ನೋಡಿ ಹೊತ್ತು ಗುರುತಿಡಿ.
2. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿ ಮೆತ್ತನೆಯದನ್ನು ಇಡಿ, ಕುತ್ತಿಗೆಯ ಬಟ್ಟೆ ಸಡಿಲಿಸಿ.
3. ಅದುರುವುದು ನಿಲ್ಲುತ್ತಿದ್ದಂತೆ ಎಡಮಗ್ಗುಲಿಗೆ ಹೊರಳಿಸಿ. ಅಂಗಾತ ಮಲಗಿದರೆ ತುಂಬಿದ ಗರ್ಭ ದೊಡ್ಡ ರಕ್ತನಾಳವನ್ನು ಒತ್ತುತ್ತದೆ.
4. ಬಾಯೊಳಗೆ ಚಮಚ, ಬಟ್ಟೆ, ನೀರು, ಮಾತ್ರೆ ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ.
5. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ ಆಂಬ್ಯುಲೆನ್ಸ್. ವೈದ್ಯರು ಮೂಗಿಗೆ ಅಥವಾ ಕೆನ್ನೆಯೊಳಗೆ ಹಾಕುವ ಮಿಡಜೋಲಾಮ್ ಬರೆದುಕೊಟ್ಟಿದ್ದರೆ ಅವರು ಹೇಳಿದ ಪ್ರಮಾಣದಲ್ಲಿ ಈಗ ಕೊಡಿ.

ಐದು ನಿಮಿಷದೊಳಗೆ ನಿಂತರೂ ದೊಡ್ಡ ಫಿಟ್ಸ್ ಆದ ದಿನವೇ ಆಸ್ಪತ್ರೆಗೆ ಹೋಗಿ ಮಗುವಿನ ಹೃದಯ ಬಡಿತ ನೋಡಿಸಿ. ರಕ್ತಸ್ರಾವ, ನೀರು ಹೋಗುವುದು, ಹೊಟ್ಟೆ ಗಟ್ಟಿಯಾಗಿ ನೋಯುವುದು, ಮಗುವಿನ ಚಲನೆ ಕಡಿಮೆಯಾಗುವುದು ಇದ್ದರೆ ತಡಮಾಡಬೇಡಿ. ರಕ್ತದ ಗುಂಪು ನೆಗೆಟಿವ್ ಇರುವವರು ಹೊಟ್ಟೆಗೆ ಪೆಟ್ಟಾಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ಕೇಳಲೇಬೇಕು.

20 ವಾರದ ನಂತರ ಬರುವ ಫಿಟ್ಸ್‌ನಲ್ಲಿ ಇನ್ನೊಂದು ಬಲೆ ಇದೆ. ಹಳೆಯ ಮೂರ್ಛೆ ರೋಗವೇ ತಾನೇ ಎಂದು ಎಲ್ಲರೂ ಸುಮ್ಮನಾಗುತ್ತಾರೆ, ಆದರೆ ಅದು ಬಿಪಿ ಏರಿ ಬರುವ ಎಕ್ಲಾಂಪ್ಸಿಯಾ ಇರಬಹುದು. ಮೂರ್ಛೆ ರೋಗದ ಹಣೆಪಟ್ಟಿ ಇದ್ದವರಲ್ಲೂ ಪ್ರತಿ ಸಲ ಬಿಪಿ ನೋಡಬೇಕು, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷಿಸಬೇಕು. ಬಿಪಿ 140/90 ದಾಟಿದ್ದರೆ, ಜೊತೆಗೆ ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಇದ್ದರೆ ಆ ಅನುಮಾನ ಗಟ್ಟಿ. ಅದರ ಚಿಕಿತ್ಸೆ ಮೆಗ್ನೀಸಿಯಂ ಸಲ್ಫೇಟ್ ಮತ್ತು ಹೆರಿಗೆ. ಬರೀ ಫಿಟ್ಸ್ ಮಾತ್ರೆ ಏರಿಸಿದರೆ ಅದು ನಿಲ್ಲದು. ಹೆರಿಗೆಯಾದ ಮೇಲಿನ ದಿನಗಳಲ್ಲೂ ಇದು ಬರಬಹುದು.

ಹಂತ 5: ಹೆರಿಗೆ

ಮೂರ್ಛೆ ರೋಗವಿದ್ದ ಮಾತ್ರಕ್ಕೆ ಸಿಸೇರಿಯನ್ ಬೇಕಿಲ್ಲ. ಹೆರಿಗೆ ನೋವಿನ ಹೊತ್ತಿನಲ್ಲಿ ದೊಡ್ಡ ಫಿಟ್ಸ್ ಬರುವುದು ನೂರಕ್ಕೆ ಒಬ್ಬಿಬ್ಬರಿಗೆ, ಮುಂದಿನ 24 ಗಂಟೆಯಲ್ಲಿ ಇನ್ನೊಬ್ಬಿಬ್ಬರಿಗೆ. ಆದ್ದರಿಂದ ಮನೆಯಲ್ಲಿ ಹೆರಿಗೆ ಬೇಡ, ನವಜಾತ ಶಿಶು ಘಟಕವಿರುವ ಆಸ್ಪತ್ರೆಯೇ ಆಗಲಿ.

ಆಸ್ಪತ್ರೆ ಚೀಲದಲ್ಲಿ ನಿಮ್ಮದೇ ಮಾತ್ರೆಗಳನ್ನು ಕನಿಷ್ಠ ಒಂದು ವಾರಕ್ಕಾಗುವಷ್ಟು ಇಟ್ಟುಕೊಳ್ಳಿ. ಏನೂ ತಿನ್ನಬೇಡಿ ಎಂದು ಹೇಳಿದಾಗ ಮಾತ್ರೆಯೂ ನಿಂತುಹೋಗುವುದು ಇಲ್ಲಿನ ಮಾಮೂಲಿ ಎಡವಟ್ಟು. ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಬಹುದೇ ಎಂದು ಕೇಳಿ. ಲೆವೆಟಿರಾಸಿಟಮ್, ಫೆನಿಟಾಯಿನ್, ವಾಲ್ಪ್ರೋಯೇಟ್ ಇಂಜೆಕ್ಷನ್ ರೂಪದಲ್ಲೂ ಇವೆ, ಆದರೆ ಲ್ಯಾಮೊಟ್ರಿಜಿನ್‌ಗೆ ಅದಿಲ್ಲ; ನುಂಗಲಾಗದಿದ್ದರೆ ತಾತ್ಕಾಲಿಕವಾಗಿ ಬೇರೆ ಔಷಧ ಬೇಕಾಗುತ್ತದೆ.

ನೋವು, ನಿದ್ದೆಗೇಡು, ಜೋರು ಜೋರಾಗಿ ಉಸಿರೆಳೆಯುವುದು ಮೂರೂ ಫಿಟ್ಸ್ ಕೆರಳಿಸುತ್ತವೆ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಸುರಕ್ಷಿತ, ಇಲ್ಲಿ ಉಪಕಾರಿಯೂ ಹೌದು. ಪೆಥಿಡಿನ್ ಬೇಡ, ಅದು ದೇಹದಲ್ಲಿ ಒಡೆದು ಉಂಟಾಗುವ ವಸ್ತು ಫಿಟ್ಸ್ ತರಿಸಬಲ್ಲದು. ಹೆರಿಗೆಯಾದ ಮೇಲೆ ನೋವಿಗೆ ಟ್ರಮಡಾಲ್ ಬರೆದರೂ ನಿಮ್ಮ ಕಾಯಿಲೆಯನ್ನು ನೆನಪಿಸಿ.

ಹಂತ 6: ಮಗು ಹುಟ್ಟಿದ ಕೂಡಲೇ

ಮಗುವಿಗೆ 1 ಮಿಲಿಗ್ರಾಂ ವಿಟಮಿನ್ ಕೆ ಇಂಜೆಕ್ಷನ್ ಆಗಿದೆಯೇ ನೋಡಿ. ಇದು ಎಲ್ಲ ಮಕ್ಕಳಿಗೂ ಕೊಡುವಂಥದ್ದೇ, ಆದರೆ ತಾಯಿ ಫೆನಿಟಾಯಿನ್, ಕಾರ್ಬಮಾಜೆಪಿನ್, ಫೆನೋಬಾರ್ಬಿಟೋನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಹೆಪ್ಪುಗಟ್ಟುವ ಅಂಶಗಳು ಕಡಿಮೆ ಇರಬಹುದಾದ್ದರಿಂದ ತಪ್ಪಲೇಬಾರದು. ಫೆನೋಬಾರ್ಬಿಟೋನ್, ಕ್ಲೋಬಜಾಮ್ ತೆಗೆದುಕೊಂಡವರ ಮಕ್ಕಳು ಮೊದಲ ದಿನಗಳಲ್ಲಿ ಅತಿಯಾಗಿ ಮಂಪರಾಗಿರಬಹುದು, ಆಮೇಲೆ ನಡುಗುತ್ತ ಬಿಡದೆ ಅಳಬಹುದು. ಮಕ್ಕಳ ವೈದ್ಯರಿಗೆ ಔಷಧದ ಹೆಸರು, ಡೋಸ್ ಎರಡೂ ಗೊತ್ತಿರಲಿ.

ಹಂತ 7: ಬಾಣಂತನ, ಡೋಸ್ ಇಳಿಸುವ ಹೊತ್ತು

ಬಸಿರಿನಲ್ಲಿ ಅಷ್ಟು ಕಾಳಜಿಯಿಂದ ಏರಿಸಿದ ಡೋಸನ್ನು ಇಳಿಸುವುದು ಮರೆತೇಹೋಗುತ್ತದೆ. ಮಾಸು ಹೊರಬಂದ ಮೇಲೆ ಹಾರ್ಮೋನು ಕುಸಿದು, ಔಷಧ ಕರಗುವ ವೇಗ ಎರಡು ಮೂರು ವಾರದಲ್ಲಿ ಹಳೆಯ ಮಟ್ಟಕ್ಕೆ ಬರುತ್ತದೆ. ಲ್ಯಾಮೊಟ್ರಿಜಿನ್‌ನಲ್ಲಂತೂ ಕೆಲವೇ ದಿನಗಳಲ್ಲಿ ಮಟ್ಟ ಏರತೊಡಗುತ್ತದೆ. ತಲೆ ತಿರುಗುವುದು, ಎರಡೆರಡು ಕಾಣುವುದು, ತೂರಾಡುವುದು, ವಾಂತಿ ಇವೆಲ್ಲ ಬಾಣಂತಿಯ ಸುಸ್ತು ಎಂದು ತಳ್ಳಿಹಾಕಲ್ಪಡುತ್ತವೆ. ಮಗುವನ್ನೆತ್ತಿಕೊಂಡು ನಡೆಯುವವರಿಗೆ ಇದು ಅಪಾಯ. ಹೆರಿಗೆಗೆ ಮೊದಲೇ, ಎಂಟನೇ ತಿಂಗಳಲ್ಲೇ, ಇಳಿಸುವ ವೇಳಾಪಟ್ಟಿಯನ್ನು ಬರೆಸಿಕೊಳ್ಳಿ: ಹೆರಿಗೆಯಾದ ಎಷ್ಟನೇ ದಿನ ಎಷ್ಟು ಮಿಲಿಗ್ರಾಂ. ಸಾಮಾನ್ಯವಾಗಿ ಮೊದಲ ವಾರದಲ್ಲೇ ಶುರುಮಾಡಿ ಎರಡು ಮೂರು ವಾರದಲ್ಲಿ ಗರ್ಭಕ್ಕೆ ಮುಂಚಿನ ಡೋಸಿಗೆ, ಅಥವಾ ನಿದ್ದೆಗೇಡಿನ ಕಾರಣಕ್ಕೆ ಅದಕ್ಕಿಂತ ಸ್ವಲ್ಪವೇ ಮೇಲಕ್ಕೆ ತರುತ್ತಾರೆ. ಆ ಹಾಳೆಯನ್ನು ಫೈಲಿನ ಮೊದಲ ಪುಟದಲ್ಲಿಡಿ.

ಎದೆಹಾಲು ಕೊಡಿ. ಬಹುತೇಕ ಎಲ್ಲ ಫಿಟ್ಸ್ ಔಷಧಗಳ ಜೊತೆಯೂ ಕೊಡಬಹುದು. ಹಾಲಿನ ಮೂಲಕ ಮಗುವಿಗೆ ಸೇರುವುದು ಹೊಟ್ಟೆಯಲ್ಲಿದ್ದಾಗ ಸೇರುತ್ತಿದ್ದುದಕ್ಕಿಂತ ಕಡಿಮೆ. ಲ್ಯಾಮೊಟ್ರಿಜಿನ್ ಸ್ವಲ್ಪ ಹೆಚ್ಚಾಗಿಯೇ ಹಾಲಿಗೆ ಬರುತ್ತದೆ, ಆದರೂ ತೊಂದರೆ ಅಪರೂಪ. ಫೆನೋಬಾರ್ಬಿಟೋನ್, ಕ್ಲೋಬಜಾಮ್ ಇದ್ದರೆ ಮಗು ಹಾಲಿಗೂ ಏಳದಷ್ಟು ಮಂಪರಾಗಿದೆಯೇ, ತೂಕ ಏರುತ್ತಿದೆಯೇ ಎಂದು ಗಮನಿಸಿ. ಹಾಗಾದರೆ ಒಮ್ಮೆಲೇ ಹಾಲು ಬಿಡಿಸಬೇಡಿ, ವೈದ್ಯರನ್ನು ಕೇಳಿ.

ನಿದ್ದೆ ಇಲ್ಲಿ ಔಷಧದಷ್ಟೇ ಮುಖ್ಯ. ರಾತ್ರಿಯಲ್ಲಿ ಒಂದು ಹಾಲೂಡಿಕೆಯನ್ನಾದರೂ, ಹಿಂಡಿಟ್ಟ ಎದೆಹಾಲಿನಿಂದ, ಬೇರೆಯವರು ನೋಡಿಕೊಂಡರೆ ತಾಯಿಗೆ ಸತತ ನಾಲ್ಕು ಗಂಟೆ ನಿದ್ದೆ ಸಿಗುತ್ತದೆ. ಇದನ್ನು ಉಪಕಾರವೆಂದು ಅಲ್ಲ, ಚಿಕಿತ್ಸೆಯ ಭಾಗವೆಂದೇ ಮನೆಯವರು ಒಪ್ಪಿಕೊಳ್ಳಬೇಕು.

ಫಿಟ್ಸ್ ಇನ್ನೂ ಬರುತ್ತಿರುವವರು ಮಗುವಿನ ಬಟ್ಟೆ ಬದಲಿಸುವುದು, ಹಾಲೂಡಿಸುವುದು ಎಲ್ಲವನ್ನೂ ನೆಲದ ಮೇಲೆ ಚಾಪೆ ಹಾಸಿ, ಗೋಡೆಗೆ ಒರಗಿ, ಸುತ್ತ ದಿಂಬು ಇಟ್ಟುಕೊಂಡು ಮಾಡಿ. ಒಬ್ಬರೇ ಇದ್ದಾಗ ಮಗುವಿಗೆ ನೀರು ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮಗುವನ್ನೆತ್ತಿಕೊಂಡು ಮೆಟ್ಟಿಲು ಹತ್ತುವುದು, ಒಲೆಯ ಬಳಿ ನಿಲ್ಲುವುದು ಬೇಡ. ಮಲಗಿ ಹಾಲೂಡಿಸುತ್ತ ನಿದ್ದೆಹೋದರೆ ಮಗು ಅಡಿಗೆ ಸಿಕ್ಕುವ ಅಪಾಯವಿರುವುದರಿಂದ ಮಗುವಿಗೆ ಪಕ್ಕದಲ್ಲೇ ಬೇರೆ ಹಾಸಿಗೆ ಇರಲಿ.

ಹೆರಿಗೆಯ ನಂತರದ ಖಿನ್ನತೆ ಮೂರ್ಛೆ ರೋಗವಿರುವವರಲ್ಲಿ ಹೆಚ್ಚು. ಎರಡು ವಾರ ದಾಟಿದರೂ ಅಳು, ನಿರಾಸೆ, ಮಗುವಿನ ಬಗ್ಗೆ ಬೇಸರ ಹೋಗದಿದ್ದರೆ ಹೇಳಿಕೊಳ್ಳಿ. ಲೆವೆಟಿರಾಸಿಟಮ್ ಕೆಲವರಲ್ಲಿ ಸಿಡುಕು, ಬೇಸರವನ್ನು ತಾನೇ ತರುತ್ತದೆ. ಆ ಔಷಧದ ಮೇಲಿದ್ದರೆ ಅದನ್ನೂ ವೈದ್ಯರಿಗೆ ನೆನಪಿಸಿ.

ಆರು ವಾರದ ಭೇಟಿಯಲ್ಲಿ ಎರಡು ಮಾತು ಆಗಬೇಕು. ಒಂದು, ಔಷಧದ ಮಟ್ಟ ಇನ್ನೊಮ್ಮೆ ಅಳೆಸುವುದು. ಇನ್ನೊಂದು, ಗರ್ಭನಿರೋಧಕ: ಡೋಸ್ ಇಳಿಸಿದ ಲ್ಯಾಮೊಟ್ರಿಜಿನ್ ಜೊತೆಗೆ ಈಸ್ಟ್ರೋಜನ್ ಇರುವ ಮಾತ್ರೆ ಶುರುಮಾಡಿದರೆ ಮಟ್ಟ ಮತ್ತೆ ಕುಸಿಯುತ್ತದೆ. ವಾಲ್ಪ್ರೋಯೇಟ್‌ಗೆ ಒಡ್ಡಿಕೊಂಡ ಮಗುವಿನ ವಿಷಯದಲ್ಲಿ ಮಾತು, ಗಮನ, ಬೆರೆಯುವಿಕೆಗಳನ್ನು ಶಾಲೆ ಸೇರುವವರೆಗೂ ಮಕ್ಕಳ ವೈದ್ಯರ ಬಳಿ ನೋಡಿಸುತ್ತಿರಿ. ಒಂದೂವರೆ ವರ್ಷಕ್ಕೂ ಒಂದೆರಡು ಪದ ಬಾರದಿದ್ದರೆ ಕಾಯದೆ ಮಾತಿನ ತರಬೇತಿ ಶುರುವಾಗಲಿ.